ಏಳು ಗೆಡ್ಡೆ ಬಾಕಿ

ಚಿಲೊಯೆ ದ್ವೀಪದಲ್ಲಿ ಕಂಬಗಳ ಮೇಲೆ ನಿಂತ ನಮ್ಮ ಲೈಬ್ರರಿಯ ಕೆಳಗೆ
ದಿನಕ್ಕೆರಡು ಸಲ ಸಮುದ್ರ ಬಂದು ಹೋಗುತ್ತದೆ,
ಕಾರ್ಡು ಮಾಡಿಸಿಕೊಳ್ಳದ ಓದುಗನ ಹಾಗೆ.

ವಿಶ್ವಕೋಶದ ಸಂಪುಟಗಳನ್ನು ಅಟ್ಟಕ್ಕೇರಿಸಿ
ಆ ಕಪಾಟಿಗೆ ಒಣಹುಲ್ಲು ಹಾಸಿ
ಆಲೂಗೆಡ್ಡೆ ಇಟ್ಟು ಇದು ನಾಲ್ಕನೇ ವರ್ಷ.
ಆಗಸ್ಟಿನಲ್ಲಿ ಒಯ್ಯಿ, ನೆಡು, ಮಾರ್ಚಿನಲ್ಲಿ
ಒಯ್ದಷ್ಟು ತಂದುಕೊಡು, ಮಿಕ್ಕಿದ್ದು ನಿನ್ನದು.
ಪುಸ್ತಕಕ್ಕೊತ್ತುವ ಮುದ್ರೆಯನ್ನೇ ಚೀಲದ ಚೀಟಿಗೂ ಒತ್ತುತ್ತೇನೆ.
ಶನಿವಾರ ಗೊಬ್ಬರದ ಪಾಠ. ಒಲೆಯ ಸುತ್ತ ಎಂಟು ಜನ,
ಅವರಲ್ಲಿಬ್ಬರು ಬರುವುದು ಬರೀ ಬೆಂಕಿಗೆ.

ಅತ್ತೆಬೆರಳು ಅನ್ನುತ್ತಾರೆ ಈ ಕಡೆ ಒಂದು ಜಾತಿಗೆ:
ಕಪ್ಪು, ಗಂಟುಗಂಟು, ಸದಾ ಯಾರನ್ನೋ ತೋರಿಸುವ ಸೊಟ್ಟ.
ನಮ್ಮಲ್ಲಿ ಉಳಿದದ್ದು ಹದಿನಾಲ್ಕೇ.
ಎಣಿಸುತ್ತಿದ್ದೆವು, ತೂಗುತ್ತಿದ್ದೆವು, ಫೋಟೊ ತೆಗೆಯುತ್ತಿದ್ದೆವು.
ಅರ್ಧ ಕೊಟ್ಟೆ ಎದುವೀನಾ ನಾವೆಲ್ಕಿನ್‌ಗೆ,
ಆಚೆ ದ್ವೀಪದವಳು, ಕೈಗುಣ ಒಳ್ಳೆಯದೆಂದು ಕೇಳಿದ್ದೆ.

ಮಾರ್ಚ್ ಬಂತು. ರೊಸಾಮೆಲ್ ಒಂದಕ್ಕೆ ಹತ್ತು ತಂದು ಬೀಗಿದ.
ಅವಳೂ ಬಂದಳು, ಶಾಲಿನಲ್ಲಿ ಅಲೆಯ ಉಪ್ಪು ಇನ್ನೂ ಆರದೆ,
ಬರಿಗೈ ಎರಡನ್ನೂ ಮೇಜಿನ ಮೇಲಿಟ್ಟಳು.

"ತಿಂದುಬಿಟ್ಟೆವು.
ಸೆಪ್ಟೆಂಬರಿನಲ್ಲಿ ಗಾಳಿಯೆದ್ದು ಆರು ದಿನ ದೋಣಿ ಇಲ್ಲ,
ಮಗಳ ಮೂರು ಮಕ್ಕಳು ನನ್ನಲ್ಲೇ ಸಿಕ್ಕಿಬಿದ್ದವು.
ಐದನೇ ದಿನ ಹಿಟ್ಟಿನ ಡಬ್ಬ ತಟ್ಟಿದರೆ ಸದ್ದಷ್ಟೇ ಉದುರಿತು.
ನಿಮ್ಮ ಮುದ್ರೆಯ ಚೀಟಿಯಲ್ಲೇ ಒಲೆ ಹೊತ್ತಿಸಿದೆ.
ದಂಡ ಎಷ್ಟು?"

ದಂಡದ ಪಟ್ಟಿ ನನ್ನ ಬೆನ್ನ ಹಿಂದೆ ಗೋಡೆಯಲ್ಲಿತ್ತು:
ಹರಿದ ಪುಟ, ಕಳೆದ ಪುಸ್ತಕ, ಕಾಫಿಯ ಕಲೆ.
ಬಿತ್ತನೆ ಬೇಯಿಸಿದ್ದಕ್ಕೆ ದರವಿಲ್ಲ.
ಸಿಟ್ಟು ಬಂದಿತ್ತು, ಸುಳ್ಳೇಕೆ.
ಉಳಿಸಿಕೊಂಡ ಏಳರಲ್ಲಿ ಐದು ನನ್ನ ಕಪಾಟಿನಲ್ಲೇ ಕೊಳೆತದ್ದನ್ನು
ಯಾರಿಗೂ ಹೇಳಿರಲಿಲ್ಲ, ಆ ಸಿಟ್ಟೂ ಸೇರಿತ್ತು.

ಬಾಯಿಗೆ ಬಂದ ಮಾತು ಮಾತ್ರ ಬೇರೆ:
"ರುಚಿ ಹೇಗಿತ್ತು?"

ನಮಗ್ಯಾರಿಗೂ ಗೊತ್ತಿರಲಿಲ್ಲ.
ಕಾರ್ಡಿನಲ್ಲಿ ಎಲೆಯ ಅಗಲವಿತ್ತು, ಹೂವಿನ ಬಣ್ಣವಿತ್ತು,
ಮೊಳಕೆಗೆ ಎಷ್ಟು ದಿನ ಎಂಬುದಿತ್ತು.
ನಾಲಿಗೆಗೊಂದು ಕಾಲಂ ಇರಲಿಲ್ಲ.

ಅವಳು ಕುರ್ಚಿ ಎಳೆದು ಕೂತಳು.
ಕತ್ತಲಲ್ಲಿ, ಮೊಂಡು ಚಾಕುವಿನಲ್ಲಿ, ಸಿಪ್ಪೆ ದಪ್ಪಗೆ ಹೋಯಿತಂತೆ.
ಬೆಂದ ನೀರು ನೇರಳೆಯಾಗಿ ಚಿಕ್ಕವನು ಹೆದರಿದನಂತೆ.
ಹಿಟ್ಟುಹಿಟ್ಟು, ಅಂಗುಳಕ್ಕೆ ಅಂಟುವಂಥದು.
ಮೊದಲು ಹೊಗೆ, ಆಮೇಲೆ ಸುಟ್ಟ ಕಾಡುಬೀಜದ ಸಿಹಿ,
ಎಲ್ಲ ಮುಗಿಯಿತು ಅನ್ನುವಾಗ ಒಂದು ಕಹಿ.
"ನನ್ನ ಅತ್ತೆಯೂ ಹಾಗೇ ಇದ್ದಳು."
ದೊಡ್ಡವಳು ಬೆರಳು ನೆಕ್ಕಿ ಇನ್ನೊಂದು ಕೇಳಿದಳು. ಇರಲಿಲ್ಲ.

ಕಾರ್ಡಿನ ಬೆನ್ನಿಗೆ ಅವಳಂದ ಹಾಗೇ ಬರೆದುಕೊಂಡೆ,
ಅತ್ತೆಯನ್ನೂ ಬಿಡದೆ.
ರಾಜಧಾನಿಗೆ ಹೋಗುವ ವರದಿಯಲ್ಲಿ
ಫಲಾನುಭವಿಗಳ ಸಂಖ್ಯೆ ಎಂಬಲ್ಲಿ ನಾಲ್ಕು ಕೂಡಿಸಿದೆ.
ಆ ಪದ ಒಮ್ಮೆಯಾದರೂ ನಿಜವಾಗಲಿ.

ಏಪ್ರಿಲ್ ಮುಗಿಯುತ್ತ ದೋಣಿಯವನ ಕೈಲಿ ಒಂದು ಕಾಲುಚೀಲ ಬಂತು,
ಉಣ್ಣೆಯದು, ಹಿಮ್ಮಡಿಯಲ್ಲಿ ತೂತು.
ಒಳಗೆ ಕೋಳಿಗೊಬ್ಬರ ಮೆತ್ತಿದ ನಾಲ್ಕು ಸೊಟ್ಟ ಬೆರಳು,
ಮೊಮ್ಮಗಳ ಅಕ್ಷರದಲ್ಲೊಂದು ಚೀಟಿ:
"ಸಿಪ್ಪೆ ತಿಪ್ಪೆಗೆ ಎಸೆದಿದ್ದೆವು. ಸಿಪ್ಪೆಗೂ ಕಣ್ಣಿತ್ತು.
ಇನ್ನು ಮೂರು ಬಾಕಿ ಅಂತ ಹೇಳು ಅಂದಳು ಅಜ್ಜಿ."

ಮೂರನ್ನು ಹುಲ್ಲಿನಲ್ಲಿಟ್ಟೆ, ಉಳಿದೆರಡರ ಪಕ್ಕ.
ನಾಲ್ಕನೆಯದಕ್ಕೆ ನನ್ನದೇ ಹೆಸರು ಬರೆದು
ಮುದ್ರೆ ಒತ್ತಿ ಕೋಟಿನ ಜೇಬಿಗಿಳಿಸಿದೆ.
ಮನೆಯಲ್ಲಿ ನೀರು ಕುದಿಯಲು ಇಟ್ಟು
ಹೆಬ್ಬೆರಳಿನಿಂದ ಸವರಿ ನೋಡಿದೆ,
ಚಾಕು ಸಾಕಷ್ಟು ಮೊಂಡಾಗಿದೆಯೇ ಎಂದು.