ಎರಡನೆಯ ನೀರು

ಬೈತಖೋಲದ ಧಕ್ಕೆಯಲ್ಲಿ ಯಾರೂ ನನ್ನನ್ನು ಶಾಂಬಾ ಎನ್ನುವುದಿಲ್ಲ.
ಭಂಡಾರಿ.
ಇಪ್ಪತ್ತಾರು ಆಳಿನ ಪರ್ಸಿನ್ ಬೋಟಿಗೆ
ಹತ್ತೊಂಬತ್ತು ವರ್ಷ ಅನ್ನ, ಸಾರು ಮಾಡಿದವ.
ತೊನೆಯುವ ಬೋಟಿನಲ್ಲಿ ತಕ್ಕಡಿ ನಿಲ್ಲದು;
ಉಪ್ಪಿಗೆ ಅಂಗೈಯ ಗುಳಿಯೇ ಅಳತೆ.
ಹೆಬ್ಬೆರಳ ಬುಡದ ತನಕ ತುಂಬಿದರೆ ಬಂಗಡೆಗೆ,
ನಡುಗೆರೆ ಮುಟ್ಟಿದರೆ ಸಾಕು ತಾರ್ಲೆಗೆ.
ಸಪ್ಪೆ ಅಂದವರಿಲ್ಲ.
ಒಮ್ಮೆ, ಗಾಳಿ ಎದ್ದ ರಾತ್ರಿ, ಮರೆತು ಎರಡು ಸಲ ಹಾಕಿದ್ದೆ.
ಅದನ್ನೂ ಉಂಡರು.

ಈಗ ಚಂದ್ರಭಾಗಿ
ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆಯುತ್ತಾಳೆ.
ಅರ್ಧ ಮುಚ್ಚಳ. ಇಡೀ ದಿನಕ್ಕೆ.
ಮತ್ತೆ ಭರಣಿಯನ್ನು ನನಗೆಟುಕದ ಅಟ್ಟದಲ್ಲಿಡುತ್ತಾಳೆ,
ಕುಡುಕನ ಮನೆಯಲ್ಲಿ ಬಾಟಲಿ ಬಚ್ಚಿಡುವವರ ಹಾಗೆ.

ಆಸ್ಪತ್ರೆಯ ಚೀಟಿ ಗೋಡೆಯಲ್ಲಿದೆ, ಭರತ ಇಳಿತದ ಪಟ್ಟಿಯ ಪಕ್ಕ.
ಸೋಡಿಯಂ, ಪೊಟ್ಯಾಶಿಯಂ, ಫಾಸ್ಫರಸ್.
ಮೊದಲು ಕೇಳಿದಾಗ ಯಾವುದೋ ಪರ ಬಂದರಿನ
ಬೋಟುಗಳ ಹೆಸರು ಅನ್ನಿಸಿತ್ತು.
ಮೂರೂ ನನ್ನೊಳಗೇ ಲಂಗರು ಹಾಕಿವೆಯಂತೆ,
ಹೊರಡುವ ಅಳಿವೆಯಲ್ಲಿ ಹೂಳು ತುಂಬಿದೆಯಂತೆ.

ಎಳನೀರು ಬೇಡ. ಟೊಮೆಟೊ ಬೇಡ.
ಒಣ ಸೆಟ್ಲಿ ಬೇಡ, ಅದರ ವಾಸನೆ ಹತ್ತಿದ ಡಬ್ಬವೂ ಬೇಡ.
ಹಸಿ ಮೀನು ಒಂದು ತುಂಡು,
ತುತ್ತಿನ ಜೊತೆಗೇ ಒಂದು ದಪ್ಪ ಬಿಳಿ ಮಾತ್ರೆ;
ಮುಳ್ಳು ಆರಿಸುತ್ತ ಮರೆತೆನೋ
ಮೀನಿನ ಫಾಸ್ಫರಸ್ಸು ನೆಟ್ಟಗೆ ರಕ್ತಕ್ಕೆ.

ಅಳಿಯ ಪುರಸು ಪಣಜಿಯಿಂದ ಒಂದು ಪೊಟ್ಟಣ ತಂದ.
ಸೋಡಿಯಂ ಕಡಿಮೆಯ ಉಪ್ಪು, ನೂರಾ ಎಂಬತ್ತು ರೂಪಾಯಿ.
ಒಂಬತ್ತು ದಿನ ನಾನು ಮತ್ತೆ ಭಂಡಾರಿಯಾದೆ,
ಗಂಜಿ ಗಂಜಿಯ ಹಾಗಿತ್ತು.
ಹತ್ತನೆಯ ದಿನ ಕಾಲು ನೆಲ ಹಿಡಿಯಲಿಲ್ಲ,
ಎದೆಗೆ ಅಂಟಿಸಿದ ಯಂತ್ರದ ಕಾಗದದಲ್ಲಿ ಗೆರೆಗಳು ಡೇರೆಯಂತೆ ಎದ್ದವು.
ಡಾಕ್ಟರು ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿದರು:
"ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಶಿಯಂ ತುಂಬಿದ್ದಾರಲ್ಲ, ಮಾರಾಯ."
ಪುರಸು ಒಂದು ತಿಂಗಳು ನಮ್ಮ ಮೆಟ್ಟಿಲು ಹತ್ತಲಿಲ್ಲ.
ಕರೆಸಿ ಹೇಳಿದೆ: ಒಂದು ಬಂಡೆ ತಪ್ಪಿಸಿದ ಚುಕ್ಕಾಣಿ
ಇನ್ನೊಂದಕ್ಕೆ ಬಡಿಯುವುದು ಕಡಲಲ್ಲಿ ಹೊಸತಲ್ಲವೋ.
ಅವ ಅತ್ತ. ನನಗೆ ಚಹಾ ಅರ್ಧ ಲೋಟ, ಅವನಿಗೆ ಪೂರ್ತಿ.

ಬಟಾಟೆಗೆ ಶಾಸ್ತ್ರವೇ ಬೇರೆ.
ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ಬಿಸಿನೀರಲ್ಲಿ ಎರಡು ತಾಸು. ಚೆಲ್ಲು.
ದೊಡ್ಡ ಪಾತ್ರೆಯ ಹೊಸ ನೀರಲ್ಲಿ ಬೇಯಿಸು. ಅದನ್ನೂ ಚೆಲ್ಲು.
ಬೆಂದ ನೀರಲ್ಲೇ ಸಾರ ಇರುವುದು, ಅದಕ್ಕೇ ಅದು ಸಾರು
ಎಂದು ಕಲಿಸಿದ್ದ ನನಗೆ ಮುದಗಾದ ಪೆದ್ರು.
ಸಾರ ಚೆಲ್ಲಿ ಚರಟ ಉಣ್ಣುವುದನ್ನು
ಅವ ಕಲಿಸಿರಲಿಲ್ಲ.

ಚೆಲ್ಲಿದ್ದು ಹಿತ್ತಿಲ ಬಾಳೆಯ ಬುಡಕ್ಕೆ.
ಉಸುಕಿನಲ್ಲಿ ಎಂದೂ ಸೊಂಟದ ಮೇಲೇಳದ ಬಾಳೆ
ಮೊದಲ ನೀರು ಕುಡಿಯಿತು, ಎರಡನೆಯ ನೀರು ಕುಡಿಯಿತು,
ಈ ವರ್ಷ ಹಂಚು ಮುಟ್ಟಿ, ಗೊನೆ ಹೊತ್ತು ಬಾಗಿತು.
ನನಗೆ ಬೇಡವೆಂದದ್ದನ್ನೆಲ್ಲ ಹೀರಿ
ನನಗೆ ಬೇಡವೆಂದದ್ದನ್ನೇ ಹೆತ್ತಿತು.
ಗೊನೆಯನ್ನು ಡಯಾಲಿಸಿಸ್ ವಾರ್ಡಿಗೆ ಹೊತ್ತೆ, ಸಿಸ್ಟರುಗಳಿಗೆಂದು.
ಮಲಗಿದ್ದ ಐವರೂ ಕತ್ತು ಹೊರಳಿಸಿ ನೋಡಿದರು.
ಯಾರೂ ಏನೂ ಅನ್ನಲಿಲ್ಲ.
ಫಿಲೋಮಿನಾ ಸಿಸ್ಟರ್ ಬೇಗ ಬೇಗ
ಅದನ್ನು ಪರದೆಯ ಹಿಂದೆ ಸರಿಸಿದಳು.

ನಿನ್ನೆ ಸಂಜೆ ಕಡಲಿನಿಂದ ಫೋನು, ಸಿಗ್ನಲ್ ಹರಿದು ಹರಿದು.
ನನ್ನ ಒಲೆ ಹಿಡಿದ ಒಡಿಶಾದ ಹುಡುಗ ಬಿಜಯ:
"ಕಾಕಾ, ಇಪ್ಪತ್ತಾರು ಜನ, ಬಂಗಡೆ. ಉಪ್ಪು ಎಷ್ಟು?"
ನಾನು ಎಡಗೈ ಬಿಚ್ಚಿ ನೋಡಿದೆ.
ಮಣಿಕಟ್ಟಿನ ಮೇಲೆ ಫಿಸ್ಟುಲಾ
ಬಂದರಿನೊಳಗೆ ನಿಧಾನಿಸಿದ ಇಂಜಿನ್ನಿನಂತೆ ಗುರುಗುಡುತ್ತಿತ್ತು.
ಗುಳಿ ಹಾಗೇ ಇದೆ, ಖಾಲಿ.
"ಮೊದಲು ಹೇಳು," ಅಂದೆ,
"ನಿನ್ನ ಅಂಗೈ ಎಷ್ಟು ದೊಡ್ಡದು?"