ಉತ್ತರಕ್ಕೆ ಮುಖ

ನನ್ನ ಕೆಲಸ ಇಳಿಸುವುದು,
ಆಮೇಲೆ ಏರಿಸುವುದು.
ನಡುವಿನದು ನನ್ನದಲ್ಲ.
ನಡುವಿನದು ವ್ಲಾಡೋನದು, ಅವನ ತಗಡಿನದು,
ಆ ಹನ್ನೊಂದು ದಿನ ಬೀಸಿದ ಗಾಳಿಯದು.

ವಾಯಲಾದಲ್ಲಿ ಸೂರ್ಯ ಉತ್ತರದಲ್ಲಿ ನಡೆಯುತ್ತಾನೆ.
ಹಾಗಾಗಿ ಈ ಉಕ್ಕಿನೂರಿನ ಮಾಡುಗಳ ಮೇಲೆ ಪ್ಯಾನೆಲ್ಲುಗಳೆಲ್ಲ
ಉತ್ತರಕ್ಕೆ ಮುಖ ಮಾಡಿ ಕೂತಿವೆ,
ಪ್ರಶ್ನೆ ಯಾವುದೆಂದು ಮರೆತವರ ಹಾಗೆ.

ಮೊದಲು ಮೇನ್ ಇಳಿಸಿದೆ.
ಇನ್ವರ್ಟರಿನ ಹಸಿರು ದೀಪ ಎರಡು ಸಲ ಮಿಟುಕಿ ಸುಮ್ಮನಾಯಿತು.
ಪ್ಯಾನೆಲ್ಲು ಸುಮ್ಮನಾಗುವ ಜಾತಿಯಲ್ಲ.
ಬಿಸಿಲಿಗೆ ಸ್ವಿಚ್ಚಿಲ್ಲವಲ್ಲ.
ಕೆಲಸ ಕಲಿಯುವ ಹುಡುಗ ಕೀರನ್‌ಗೆ ದಿನಾ ಹೇಳುತ್ತೇನೆ:
ತಂತಿ ಕಿತ್ತ ಮೇಲೂ ಅದು ದುಡಿಯಲು ಕಾದಿರುತ್ತದೆ,
ಬೆರಳು ಕೊಟ್ಟರೆ ಬೆರಳಿಗೇ ದುಡಿಯುತ್ತದೆ.
ರಾತ್ರಿ ಗಿಳಿಯ ಪಂಜರಕ್ಕೆ ಬಟ್ಟೆ ಮುಚ್ಚುವಂತೆ
ಒಂದೊಂದಕ್ಕೂ ಹಳೇ ಕಂಬಳಿ ಹೊದೆಸಿದೆವು.

ಒಟ್ಟು ಹದಿನಾರು.
ಬೆನ್ನ ಮೇಲೆ ಸೀಮೆಸುಣ್ಣದ ಅಂಕಿ,
ಯಾರ ಪಕ್ಕ ಯಾರು ಎಂದು.

ಅಡಿಯಲ್ಲಿ ಸಿಕ್ಕಿದ್ದು: ಪಾರಿವಾಳದ ಗೂಡು ಮೂರು,
ಒಂದರಲ್ಲಂತೂ ಕಡ್ಡಿಗಿಂತ ನಮ್ಮವರು ಕತ್ತರಿಸಿ ಬಿಸಾಕಿದ ವೈರೇ ಜಾಸ್ತಿ;
ಬೋಳು ಟೆನಿಸ್ ಚೆಂಡು;
ಕಾರ್ಖಾನೆಯ ಕೆಂಪು ಧೂಳು, ಉಗುರಿಗೆ ಹೊಕ್ಕರೆ ವಾರ ಬಿಡದ್ದು.
ಮತ್ತೆ, ಎಷ್ಟು ಮಾಡು ಹತ್ತಿದರೂ ನಾನು ನಿಂತು ನೋಡುವುದು,
ಆ ಹಸಿರು.
ಉಳಿದ ತಗಡೆಲ್ಲ ಬಿಳಿಚಿಕೊಂಡು, ತುಕ್ಕು ತಿಂದು,
ಪ್ಯಾನೆಲ್ಲು ಕೂತಲ್ಲಿ ಮಾತ್ರ
ಬಣ್ಣ ಹೊಡೆದ ದಿನದ ಹಸಿರು,
ವಾಚು ಬಿಚ್ಚಿದ ಮಣಿಕಟ್ಟಿನಂತೆ.

ಹಸಿರಿನ ಮೇಲೊಂದು ಪೆನ್ಸಿಲ್ ಲೆಕ್ಕ.

ಸ್ಟಾವ್ರೂಲಾಳನ್ನು ಕೂಗಿದೆ.
ಆಸ್ಪತ್ರೆಯ ಲಾಂಡ್ರಿಯ ಸಮವಸ್ತ್ರದಲ್ಲೇ ಏಣಿ ಹತ್ತಿ
ಸೂರಿನಂಚಿಗೆ ಗದ್ದ ತಂದಳು.
"ಪ್ಯಾಂಡೆಲಿಸ್‌ನ ಏಳು," ಅಂದಳು. "ನಡುವೆ ಅಡ್ಡಗೆರೆ ನೋಡು."

ಇಷ್ಟು ಹಾಕಿದರೆ ವರ್ಷಕ್ಕೆ ಇಷ್ಟು, ಏಳಕ್ಕೆ ಅಸಲು ಕೈಗೆ.
ಐದಕ್ಕೆ ಅವನು ಪರ್ತ್‌ಗೆ ಹೋದ.
ಜಗಳವೇನಿಲ್ಲ. ಟೀವಿಯನ್ನೂ ಕೇಳಲಿಲ್ಲವಂತೆ.

ಲೆಕ್ಕ ತಪ್ಪಾಗಿತ್ತು. ಕಂಡೆ, ಹೇಳಲಿಲ್ಲ.
"ಕೈಯಲ್ಲಿ ಒಂದು" ಅನ್ನುತ್ತೇವಲ್ಲ,
ಆ ಒಂದನ್ನು ಕೂಡಿಸಲು ಮರೆತಿದ್ದ.
ಮಾಡಿನ ಆಯುಸ್ಸನ್ನೂ ಬರೆದಿರಲಿಲ್ಲ,
ಇಳಿಸಿ ಏರಿಸುವ ನನ್ನ ಕೂಲಿಯನ್ನೂ.
ಯಾರೂ ಬರೆಯುವುದಿಲ್ಲ ಬಿಡಿ.

"ಆ ತುಂಡು ಕತ್ತರಿಸಿ ಕೊಡಲಾ?" ವ್ಲಾಡೋ ಕೇಳಿದ.
"ಗುಜರಿಗೆ ಕಿಲೋಗೆ ಎಷ್ಟು?" ಅವಳು ಕೇಳಿದಳು.

ಹನ್ನೊಂದು ದಿನ ಹದಿನಾರೂ ಕಾರು ನಿಲ್ಲಿಸುವಲ್ಲಿ ಗೋಡೆಗೊರಗಿದ್ದವು.
ಕಾರು ಬೀದಿಯಲ್ಲಿತ್ತು.
ಅವಳು ಅಭ್ಯಾಸಬಲದಿಂದ ಮಧ್ಯಾಹ್ನ ಹನ್ನೆರಡಕ್ಕೇ ಬಟ್ಟೆ ತೊಳೆಯಲು ಹಾಕಿ,
ಮೀಟರು ನೆನಪಾಗಿ, ಓಡಿಬಂದು ನಿಲ್ಲಿಸಿ,
ಅರ್ಧ ನೆನೆದ ಬಟ್ಟೆಯ ಮುಂದೆ ಗ್ರೀಕಿನಲ್ಲಿ ಬೈದಳಂತೆ,
ಯಾರನ್ನೆಂದು ಗೊತ್ತಿಲ್ಲ.

ಮರಳಿ ಹೋದೆವು. ಹೊಸ ತಗಡು ಕಣ್ಣು ಕುಕ್ಕುವಷ್ಟು ಬಿಳಿ.
ಒಂಬತ್ತನೆಯದು ಒಡೆದಿತ್ತು, ಕೀರನ್‌ನ ಮೊಣಕಾಲು.
ಆ ಮಾದರಿ ಈಗ ಬರುವುದಿಲ್ಲ. ತಂದದ್ದು ಇನ್ನೂ ಕಪ್ಪು, ಎರಡು ಬೆರಳು ಉದ್ದ.
ನೀಲಿಗಳ ನಡುವೆ ಅದು
ಬೇರೆ ಮದುವೆಗೆ ಬಂದು ಇಲ್ಲಿ ಊಟಕ್ಕೆ ಕೂತವನ ಹಾಗೆ.

ಕೊನೆಯದನ್ನು ಎತ್ತಿ ಹಿಡಿದಿದ್ದೆವು.
"ತಡಿ," ಅಂತ ಏಣಿ ಹತ್ತಿಬಂದಳು.
ವ್ಲಾಡೋನ ಕಿವಿಯಿಂದ ಪೆನ್ಸಿಲ್ ಎಳೆದು
ಮಂಡಿಯೂರಿ ಬರೆಯತೊಡಗಿದಳು, ಬಿಳಿಯ ಮೇಲೆ.
ಹತ್ತೊಂಬತ್ತು ಕಿಲೋ. ನನ್ನ ತೋಳು ನಡುಗುತ್ತಿತ್ತು.
ಅವಳಿಗೆ ಅವಸರವಿರಲಿಲ್ಲ.
ಒಮ್ಮೆ ಎಡಗೈಯ ಒಂದು ಬೆರಳು ಮಡಿಸಿ ಹಿಡಿದಳು, ಬಿಡಲಿಲ್ಲ.

"ಹಾಕು."

ಉತ್ತರ ಎಷ್ಟು ಬಂತೆಂದು ನಾನು ನೋಡಲಿಲ್ಲ.
ಕೀರನ್ ನೋಡಿದ್ದನಂತೆ, ಹೇಳಲು ಬಾಯಿ ತೆಗೆದ.
ಬೋಲ್ಟು ಬಿಗಿ ಅಂದೆ.