ಬಿಳಿ ಚುಕ್ಕೆ

ಪಿಟ್ಸ್‌ಫೀಲ್ಡಿನಲ್ಲಿ ಜುಲೈ. ಆರಕ್ಕೆ ಇನ್ನೂ ಐದು ನಿಮಿಷ.
ಇಬ್ಬನಿ ಆರುವ ಮುಂಚೆ ಹೋಗು, ಅಂದಿದ್ದಳು ಲೋರೇನ್ ಥಿಬೋ,
ರೆಕ್ಕೆ ಒದ್ದೆಯಿದ್ದಾಗ ಅವಕ್ಕೆ ಹಾರಲಾಗದು,
ನಮ್ಮ ಹಾಗೇ, ಮೊದಲ ಕಾಫಿಯ ತನಕ.

ಕೈಯಲ್ಲಿ ಉಪ್ಪಿನಕಾಯಿಯ ಖಾಲಿ ಬಾಟ್ಲಿ,
ಅರ್ಧ ನೀರು, ಎರಡು ಹನಿ ಪಾತ್ರೆ ಸೋಪು.
ಹೂವಿನಡಿ ಹಿಡಿದು ಕೊಂಬೆಯನ್ನೊಮ್ಮೆ ತಟ್ಟಿದರೆ
ಕಾಲು ಮಡಚಿ ತಾವಾಗಿಯೇ ಉದುರುತ್ತವೆ.
ಗಾಬರಿಯಾದರೆ ಬೀಳುವುದು ಅವುಗಳ ಉಪಾಯ,
ಕೆಳಗೆ ನೆಲವಿರುತ್ತದೆಂದು ನಂಬಿದ ಉಪಾಯ.

ಚೆಲುವಿಲ್ಲವೆಂದರೆ ಸುಳ್ಳಾದೀತು.
ತಲೆ ಹಸಿರು, ಬೆನ್ನು ತಾಮ್ರ,
ಹುಣಸೆ ಹಚ್ಚಿ ತಿಕ್ಕಿದ ತಂಬಿಗೆಯ ಹೊಳಪು.
ಇದೂ ದುಂಬಿಯೇ.
ಮಧು ಕೇಳುವ ದುಂಬಿಯಲ್ಲ, ಹೂವನ್ನೇ ಉಣ್ಣುವುದು.
ನರ ಉಳಿಸಿ ಹಸಿರಷ್ಟನ್ನೇ ಬಿಡಿಸಿಕೊಂಡು
ಎಲೆಯನ್ನು ಬೆಳಕಿನ ಜರಡಿ ಮಾಡಿಡುತ್ತವೆ,
ನಾಲ್ಕು ನಾಲ್ಕು, ಒಂದರ ಮೇಲೊಂದು,
ಸಂಸಾರವೂ ಊಟವೂ ಒಂದೇ ಎಲೆಯಲ್ಲಿ.

ಶ್ಯಾರನ್ ಗುಲಾಬಿ ಅಂತ ಗಿಡದ ಹೆಸರು. ಗುಲಾಬಿಯಲ್ಲ,
ದಾಸವಾಳದ ಜಾತಿ. ಹಿಮದಲ್ಲಿ ಸೌದೆಯಂತೆ ನಿಂತು
ಮೇ ಮುಗಿದರೂ ಚಿಗುರದೆ,
ಜಿನದತ್ತ ಕೊಡಲಿ ಹುಡುಕುವ ಹೊತ್ತಿಗೆ
ನಾಚಿಕೊಂಡು ಕಣ್ಣು ಬಿಡುವ ಗಿಡ.
ಅದರ ಮೊಗ್ಗಿಗೆ ಬಾಯಿ ಹಾಕಿದ್ದಕ್ಕೆ ನನ್ನ ಸಿಟ್ಟು.

ಮೊದಲ ವರ್ಷ ಹಳದಿ ಚೀಲ ತೂಗುಹಾಕಿದ್ದೆ,
ಒಳಗೆ ಹೆಣ್ಣಿನ ವಾಸನೆ. ಬೀದಿಯ ದುಂಬಿಗಳೆಲ್ಲ
ದಿಬ್ಬಣ ಬಂದವು, ಚೀಲಕ್ಕೆ ಕೆಲವು, ಗಿಡಕ್ಕೆ ಮಿಕ್ಕವು.
"ನನ್ನವನ್ನೂ ಕರೆದುಕೊಂಡದ್ದಕ್ಕೆ ಥ್ಯಾಂಕ್ಸ್," ಅಂದಳು ಲೋರೇನ್.
ಎರಡನೆಯ ವರ್ಷ ಪುಡಿ. ಪುಡಿಗೆ ಜೇನ್ನೊಣ ಸತ್ತಿತು.
ಅಂಗೈಯಲ್ಲಿಟ್ಟು ನೋಡಿದೆ, ಕಾಲಿನಲ್ಲಿನ್ನೂ ಪರಾಗ.
ಡಬ್ಬಿ ಗ್ಯಾರೇಜಿನ ಅಟ್ಟಕ್ಕೆ ಹೋಯಿತು.
ಈ ವರ್ಷ ಬಾಟ್ಲಿ. ಒಂದೊಂದಾಗಿ, ಗುರುತು ಹಿಡಿದು.

ಮೂಡಬಿದಿರೆಯ ಅಜ್ಜಿ ನೀರು ಸೋಸಿದ ಬಟ್ಟೆಯನ್ನು
ಮಗುಚಿ, ಅದೇ ಬಾವಿಗೇ ತೊಳೆದು ಬಿಡುತ್ತಿದ್ದಳು.
ಕಣ್ಣಿಗೆ ಕಾಣದ್ದೂ ತನ್ನ ಮನೆಗೆ ಮರಳಲಿ.
ಈಗಲೂ ಆಲೂಗಡ್ಡೆ ಮುಟ್ಟದ ಕೈ ಇದು.
ನಿನ್ನೆ ಅರವತ್ತೊಂದು. ಇವತ್ತು ನಲವತ್ತು ದಾಟಿದೆ.
ಎಣಿಸುವುದು ಯಾಕೆಂದು ಕೇಳಬೇಡಿ,
ಎಣಿಸದಿದ್ದರೆ ಇನ್ನೂ ಕೆಟ್ಟದೆನಿಸುತ್ತದೆ.

ಆಗ ಕಂಡಿತು. ಒಂದರ ಕೊರಳ ಹಿಂದೆ
ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ,
ಯಾರೋ ಅಕ್ಷತೆ ಹಾಕಿ ಒಂದು ಕಾಳು ಅಂಟಿದ ಹಾಗೆ.
"ಅದನ್ನು ಬಿಡು!" ನೈಟಿಯಲ್ಲೇ ಬೇಲಿಗೆ ಓಡಿಬಂದಳು ಲೋರೇನ್,
"ಚುಕ್ಕೆಯಿದ್ದದ್ದನ್ನು ಕೊಲ್ಲಬಾರದು."
ಕೈ ನಿಂತಿತು. ಎಷ್ಟು ಹಗುರಾಯಿತು ಎದೆ,
ಕೊಲ್ಲಬಾರದು ಎಂಬ ಮಾತು
ಈ ಊರಲ್ಲಿ, ಇನ್ನೊಬ್ಬರ ಬಾಯಲ್ಲಿ.

ಆಮೇಲೆ ಬಿಡಿಸಿ ಹೇಳಿದಳು.
ಚುಕ್ಕೆ ಒಂದು ನೊಣದ ಮೊಟ್ಟೆ.
ವಾರದೊಳಗೆ ಮರಿ ಕೆಳಮುಖ ಕೊರೆದು
ಒಳಗಿನಿಂದ ಉಣ್ಣುತ್ತಾ ಹೋಗುತ್ತದೆ, ಚಿಪ್ಪು ಉಳಿಸಿ.
"ನಮ್ಮ ಕೆಲಸ ಅದೇ ಮಾಡುತ್ತೆ," ಅಂದು ನಕ್ಕಳು.

ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಹೂಂ ಅಂದದ್ದು,
ಮೂರಕ್ಕೂ ಒಂದೇ ತೂಕ:
ಕೃತ, ಕಾರಿತ, ಅನುಮೋದಿತ,
ಬಸದಿಯ ಜಗಲಿಯಲ್ಲಿ ಬಾಯಿಪಾಠ, ಏಳು ವರ್ಷಕ್ಕೆ.
ಆಗ ಅದು ಬರೀ ರಾಗ.
ಈಗ ಒಂದು ಕೈಯಲ್ಲಿ ಬಾಟ್ಲಿ,
ಇನ್ನೊಂದರ ಬೆರಳ ತುದಿಯಲ್ಲಿ ಚುಕ್ಕೆ ಹೊತ್ತ ಜೀವ,
ನಡುವೆ ಹೂಂ ಅನ್ನಬೇಕಾದವಳು.

ಎಲೆಯ ಮೇಲೆ ಇಳಿಸಿದೆ. ಕಾಲು ಬಿಚ್ಚಿ
ಏನೂ ಆಗಿಲ್ಲವೆಂಬಂತೆ ತಿನ್ನಲು ಕೂತಿತು.
ತಿನ್ನು, ಅಂದೆ.
ಅದಕ್ಕೋ, ಒಳಗಿನದಕ್ಕೋ, ಗೊತ್ತಿಲ್ಲ.

ಬಿಸಿಲು ಬೇಲಿ ಹತ್ತಿತು. ಉಳಿದವು ಹಾರಿದವು.
ಬಾಟ್ಲಿ ಎಲ್ಲಿ ಚೆಲ್ಲುವುದು, ದಿನವೂ ಇದೇ ಆಯಿತು.
ಸಿಂಕಿಗೆ ಮನಸ್ಸು ಬಾರದು, ಬುಡಕ್ಕೆ ಸೋಪು ಆಗದು.
ನೂರು ವರ್ಷದ ಕೆಳಗೆ ಜಪಾನಿನಿಂದ
ಯಾವುದೋ ಗಿಡದ ಬೇರುಮಣ್ಣಿನಲ್ಲಿ ಬಂದವಂತೆ.
ಅಷ್ಟು ದೂರದ ಬಾವಿಗೆ
ಬಟ್ಟೆ ಮಗುಚುವುದು ಹೇಗೆಂದು
ಅಜ್ಜಿ ಹೇಳಿಕೊಟ್ಟಿರಲಿಲ್ಲ.